ದೂರದಲ್ಲಿದ್ದೂ ಕೂಡಿ ಕಲಿಯುವುದು

ಗೋಳಗುಮ್ಮಟದ ಮೇಲಿನ ಪಡಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಆಡಿದ ಮಾತು ಸುಮಾರು 38 ಮೀಟರ್ ಆಚೆ, ಎದುರು ಬದಿಯಲ್ಲಿ ಕಿವಿಗೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಶಾಲಾ ಪ್ರವಾಸದ ದಿನಗಳಲ್ಲಿ ಮೆಟ್ಟಿಲು ಹತ್ತಿ ಹೋದವರಿಗೆ ಇನ್ನೊಂದು ಅನುಭವವೂ ಇದ್ದೇ ಇರುತ್ತದೆ. ನೂರಾರು ಮಕ್ಕಳು ಕೂಗಿ, ಚಪ್ಪಾಳೆ ತಟ್ಟಿ ಪ್ರತಿಧ್ವನಿ ಎಣಿಸುತ್ತಿರುವಾಗ ಅಲ್ಲಿ ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ಗೋಡೆಯ ಗುಣವೇನೂ ಬದಲಾಗಿರುವುದಿಲ್ಲ. ಮಾತುಕತೆ ಮಾತ್ರ ನಡೆದಿರುವುದಿಲ್ಲ.

ವಿಶ್ವವಿದ್ಯಾಲಯಗಳ ಆನ್‌ಲೈನ್ ಕಲಿಕೆಯನ್ನು ಕುರಿತ ಸಂಶೋಧನೆ ಕಳೆದ ನಾಲ್ಕು ದಶಕಗಳಲ್ಲಿ ಗೋಡೆಯ ವಿಚಾರವನ್ನು ಬಿಟ್ಟು ಮಾತುಕತೆಯ ವಿಚಾರಕ್ಕೆ ಬಂದಿದೆ ಎನ್ನಬಹುದು. ಪೂರ್ತಿಯಾಗಿ ಆನ್‌ಲೈನ್‌ನಲ್ಲೇ ನಡೆದ ಮೊದಲ ವಿಶ್ವವಿದ್ಯಾಲಯ ತರಗತಿಗಳಲ್ಲಿ ಒಂದನ್ನು 1986ರಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಂಡಾ ಹರಾಸಿಮ್ ನಡೆಸಿದರು. ಕಂಪ್ಯೂಟರಿನ ನೆರವಿನಿಂದ ಕೂಡಿ ಕಲಿಯುವುದನ್ನೇ ವಿಷಯವಾಗಿಸಿಕೊಂಡ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1995ರಲ್ಲಿ ಅಮೆರಿಕದ ಬ್ಲೂಮಿಂಗ್ಟನ್‌ನಲ್ಲಿ ಸೇರಿತು. ಆಗಿನ ಮುಖ್ಯ ಪ್ರಶ್ನೆ ಒಂದೇ: ತರಗತಿಯ ಪಾಠಕ್ಕೆ ಇದು ಸಮನಾದೀತೇ? ನೂರಾರು ಹೋಲಿಕೆಗಳು ನಡೆದವು. 2009ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಅವುಗಳಲ್ಲಿ ಆಯ್ದವನ್ನು ಒಟ್ಟುಗೂಡಿಸಿ ನೋಡಿದಾಗ ಆನ್‌ಲೈನ್ ಕಲಿಕೆ ತುಸು ಮುಂದಿತ್ತು. ಆದರೆ ಅದಕ್ಕೆ ಮಾಧ್ಯಮವೇ ಕಾರಣ ಎನ್ನಲು ಬರುವಂತಿರಲಿಲ್ಲ. ಅಲ್ಲಿ ಓದಿಗೆ ಕೊಟ್ಟ ಸಮಯ, ಸಾಮಗ್ರಿ ಬೇರೆಯೇ ಇದ್ದವು. ನನ್ನ ಮಟ್ಟಿಗೆ ಹೇಳುವುದಾದರೆ, ಆ ಪ್ರಶ್ನೆಯೇ ಅಷ್ಟು ಸ್ವಾರಸ್ಯದ್ದಲ್ಲ.

ಸ್ವಾರಸ್ಯ ಇರುವುದು ಕೂಡಿ ಕಲಿಯುವುದು ಎಂದರೇನು ಎಂಬಲ್ಲಿ. ಐದು ಜನ ಐದು ಅಧ್ಯಾಯ ಹಂಚಿಕೊಂಡು ಬರೆದು, ಕೊನೆಗೆ ಒಂದೇ ಪಿನ್ನು ಹೊಡೆದರೆ ಅದು ಕೆಲಸದ ಹಂಚಿಕೆ. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಪ್ರಶ್ನಿಸಿ, ಮೂರನೆಯವಳು ತಿದ್ದಿ, ಮೊದಲು ಯಾರಲ್ಲೂ ಇಲ್ಲದ ಒಂದು ತಿಳಿವಳಿಕೆಗೆ ಎಲ್ಲರೂ ಬಂದರೆ ಅದು ಕೂಡಿ ಕಲಿತದ್ದು.

ಇದನ್ನು ಅಳೆಯುವುದು ಹೇಗೆ? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಗ್ಯಾರಿಸನ್, ಆಂಡರ್ಸನ್ ಮತ್ತು ಆರ್ಚರ್ ಎಂಬ ಮೂವರು 2000ದಲ್ಲಿ ಒಂದು ಚೌಕಟ್ಟನ್ನು ಮುಂದಿಟ್ಟರು. ಅವರ ಪ್ರಕಾರ ಇಂಥ ತರಗತಿಯಲ್ಲಿ ಮೂರು ಬಗೆಯ ಹಾಜರಿ ಬೇಕು: ಒಬ್ಬರಿಗೊಬ್ಬರು ಮನುಷ್ಯರಾಗಿ ಕಾಣುವ ಹಾಜರಿ, ವಿಚಾರದ ಹಾಜರಿ, ಅಧ್ಯಾಪಕರ ಹಾಜರಿ. ಮರುವರ್ಷ ಅವರು ವಿದ್ಯಾರ್ಥಿಗಳು ಬರೆದ ಸಂದೇಶಗಳನ್ನು ಒಂದೊಂದಾಗಿ ಓದಿ ವಿಂಗಡಿಸಿದರು. ಪ್ರಶ್ನೆ ಎತ್ತಿದವು ಶೇ 8. ನನಗೆ ಹೀಗನ್ನಿಸುತ್ತದೆ, ನಮ್ಮಲ್ಲಿ ಹೀಗಿದೆ ಎಂದು ವಿಚಾರ ಹಂಚಿಕೊಂಡವು ಶೇ 42. ಆ ವಿಚಾರಗಳನ್ನು ಒಂದಕ್ಕೊಂದು ಹೆಣೆದವು ಶೇ 13. ತೀರ್ಮಾನಕ್ಕೆ ಬಂದವು ಶೇ 4 ಮಾತ್ರ. ಉಳಿದ ಮೂರನೆಯ ಒಂದು ಭಾಗ ಇವುಗಳಲ್ಲಿ ಯಾವುದಕ್ಕೂ ಸೇರದವು. ಮಾದರಿ ಬಹಳ ಸಣ್ಣದು, ನಿಜ. ಆದರೂ ನಂತರದ ಅನೇಕ ಅಧ್ಯಯನಗಳಲ್ಲಿ ಇದೇ ಚಿತ್ರ ಮರುಕಳಿಸಿತು. ಎಲ್ಲರೂ ತಮ್ಮ ತಮ್ಮ ಮಾತು ಹೇಳಿ ಎದ್ದು ಹೋಗುತ್ತಾರೆ. ನಡುವೆ ಕೈಹಾಕಿ, ಇವನು ಅಂದದ್ದಕ್ಕೂ ಅವಳು ಅಂದದ್ದಕ್ಕೂ ಏನು ಸಂಬಂಧ ಎಂದು ಕೇಳುವ ಅಧ್ಯಾಪಕರಿಲ್ಲದಿದ್ದರೆ ಚರ್ಚೆ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ತೊಡಕು ಹಳೆಯದು. ತೇರಿನ ಹಗ್ಗ ಹಿಡಿದವರೆಲ್ಲರೂ ಎಳೆಯುವುದಿಲ್ಲ ಎಂಬುದು ನಮಗೆ ಗೊತ್ತಿದ್ದದ್ದೇ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್‌ಮನ್ ಹಗ್ಗ ಎಳೆಸಿಯೇ ಇದನ್ನು ಲೆಕ್ಕ ಹಾಕಿ 1913ರಲ್ಲಿ ಪ್ರಕಟಿಸಿದ. ಎಂಟು ಜನ ಸೇರಿ ಎಳೆದಾಗ ಪ್ರತಿಯೊಬ್ಬನ ಪಾಲಿಗೆ ಬಂದದ್ದು ಅವನೊಬ್ಬನೇ ಎಳೆಯಬಲ್ಲ ಬಲದ ಅರ್ಧದಷ್ಟು. ಆನ್‌ಲೈನ್ ಗುಂಪಿನಲ್ಲಿ ಮುಖ ಕಾಣದಿರುವುದರಿಂದ ಜಾರಿಕೊಳ್ಳುವುದು ಇನ್ನೂ ಸುಲಭ. ಗುಂಪು ಮಾಡಿಕೊಟ್ಟ ಮಾತ್ರಕ್ಕೆ ಅವರು ಬೆರೆಯುತ್ತಾರೆಂದು ನಂಬುವುದೇ ಮೊದಲ ತಪ್ಪು ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 2003ರಲ್ಲಿ ಎಚ್ಚರಿಸಿದರು.

ಕನ್ನಡದಲ್ಲೇ ನಡೆದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನು ಓದುವ ಪದವಿ ವಿದ್ಯಾರ್ಥಿಗಳು ಪಠ್ಯದ ಭಾಗವಾಗಿ ಆಯಾ ಭಾಷೆಯ ವಿಕಿಪೀಡಿಯಕ್ಕೆ ಲೇಖನ ಬರೆದರು. ಇದರ ವಿಶೇಷವೆಂದರೆ, ಬರೆದದ್ದು ಅಧ್ಯಾಪಕರ ಕಪಾಟಿನಲ್ಲಿ ಉಳಿಯುವುದಿಲ್ಲ. ಎಲ್ಲೋ ಕುಳಿತ ಅಪರಿಚಿತರು ಕಾಗುಣಿತ ತಿದ್ದುತ್ತಾರೆ, ಆಧಾರ ಎಲ್ಲಿ ಎಂದು ಕೇಳುತ್ತಾರೆ. ಯಾವ ಸಾಲನ್ನು ಯಾರು ಬರೆದರು, ಯಾರು ಅಳಿಸಿದರು ಎಂಬುದೂ ಅಲ್ಲಿ ಉಳಿಯುತ್ತದೆ. ಹಗ್ಗ ಬರೀ ಹಿಡಿದು ನಿಂತವರು ಅಲ್ಲಿ ಕಂಡುಬಿಡುತ್ತಾರೆ.

ಹೀಗೆ ಉಳಿಯುವ ಗುರುತುಗಳನ್ನೇ ಎಣಿಸುವುದು ಈಚಿನ ಒಲವು. 2011ರಿಂದ ಇದಕ್ಕೆಂದೇ ಪ್ರತ್ಯೇಕ ಸಮ್ಮೇಳನಗಳು ನಡೆಯುತ್ತಿವೆ. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಪುಟ ತೆರೆದರು, ಯಾರಿಗೆ ಉತ್ತರಿಸಿದರು ಎಂದು ಯಂತ್ರ ಲೆಕ್ಕವಿಡುತ್ತದೆ. ಹಿಂದುಳಿದವರನ್ನು ಮೊದಲೇ ಗುರುತಿಸಿ ನೆರವಾಗುವುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕ ನಮ್ಮ ಕಡೆಗೆ ಹೊಂದುತ್ತದೆಯೇ?

ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಸ್ಥಾಪನೆಯಾದದ್ದು ವಿಜಯಪುರದಲ್ಲಿ. 2017ರಿಂದ ಅದಕ್ಕೆ ಅಕ್ಕಮಹಾದೇವಿಯ ಹೆಸರು, ಆವರಣ ಇರುವುದು ತೊರವಿಯಲ್ಲಿ. 2020ರ ಮಾರ್ಚ್‌ನಲ್ಲಿ ದೇಶದ ಕಾಲೇಜುಗಳೆಲ್ಲ ಬಾಗಿಲು ಹಾಕಿದಾಗ ಪಾಠ ಫೋನಿನೊಳಗೆ ಹೋಯಿತು. ಆ ಹೊತ್ತಿನಲ್ಲಿ, ಅಂದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಇಂಟರ್ನೆಟ್ಟನ್ನು ಒಮ್ಮೆಯಾದರೂ ಬಳಸಿದ್ದೇವೆ ಎಂದ ಪುರುಷರು ದೇಶದಲ್ಲಿ ಶೇ 57, ಮಹಿಳೆಯರು ಶೇ 33. ತಿಕೋಟಾ ಅಥವಾ ಬಬಲೇಶ್ವರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಇರುವುದು ಒಂದೇ ಫೋನು, ಅಣ್ಣನದು. ಅವನು ಹೊಲದಿಂದ ಬಂದ ಮೇಲೆ ಅಕ್ಕತಂಗಿಯರಿಬ್ಬರು ಅದೇ ಪರದೆಯ ಮುಂದೆ ಕೂತು ಓದುತ್ತಾರೆ, ತಮ್ಮೊಳಗೆ ವಾದಿಸುತ್ತಾರೆ, ಗುಂಪಿನಲ್ಲಿ ಮಾತ್ರ ಒಂದಕ್ಷರವನ್ನೂ ಬರೆಯುವುದಿಲ್ಲ. ಬರೆದರೆ ಗುಂಪಿನಲ್ಲಿರುವವರೆಲ್ಲರಿಗೂ ನಂಬರು ಕಾಣುತ್ತದೆ. ಅದು ಅಣ್ಣನ ನಂಬರು.

ಯಂತ್ರದ ಪಟ್ಟಿಯಲ್ಲಿ ಇದು ಒಂದೇ ಹೆಸರು, ತಡವಾಗಿ ಬಂದದ್ದು, ಮಾತಾಡದೇ ಹೋದದ್ದು. ಮಾತಾಡದವರೂ ಓದುತ್ತಿರುತ್ತಾರೆ, ಕಲಿಯುತ್ತಿರುತ್ತಾರೆ ಎಂದು ಸಂಶೋಧಕರು ಈಗ ಒಪ್ಪುತ್ತಾರೆ. ಆದರೂ ಚರ್ಚೆಯಲ್ಲಿ ಪಾಲ್ಗೊಂಡದ್ದಕ್ಕೆ ಅಂಕ ಕೊಡುವ ಪದ್ಧತಿ ಹೆಚ್ಚುತ್ತಿರುವಾಗ, ಈ ಇಬ್ಬರಿಗೆ ಸಿಗುವುದು ಸೊನ್ನೆ. ಅವರು ಪರದೆಯ ಹೊರಗೆ ಆಡಿದ ಮಾತು ಯಾವ ದಾಖಲೆಯಲ್ಲೂ ಇಲ್ಲ. ಅದನ್ನು ತಿಳಿಯಬೇಕೆಂದರೆ ಯಾರಾದರೂ ಮನೆಯವರೆಗೆ ಹೋಗಿ, ಕೂತು ಕೇಳಬೇಕು. ತೊರವಿಯಿಂದ ತಿಕೋಟಾ ದೂರವೇನಲ್ಲ.