ಹಳೆಯ ಊಟದ ಮೇಜನ್ನು ಮಾರುವ ಬಗೆ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಊಟಕ್ಕೆ ಮಣೆಯೇ ಸಾಕೆಂದು ಬಾಳಿದ ಮನೆಗಳೇ ಹೆಚ್ಚು. ಮೇಜಿನ ಮುಂದೆ ಕುರ್ಚಿಯಲ್ಲಿ ಕುಳಿತು ಉಣ್ಣುವ ಪದ್ಧತಿ ತೋಟದ ಬಂಗಲೆಗಳಲ್ಲೂ ಅಧಿಕಾರಿಗಳ ವಸತಿಗಳಲ್ಲೂ ಮೊದಲು ಕಂಡದ್ದು. ಆದ್ದರಿಂದ ಹಳೆಯ ಮೇಜನ್ನು ಮಾರಹೊರಟರೆ, ಕೊಳ್ಳಲು ಬಂದ ದಲ್ಲಾಳಿ ಅದನ್ನು ಮೇಜೆಂದು ನೋಡುವುದೇ ಇಲ್ಲ, ಹಲಗೆಯೆಂದು ನೋಡುತ್ತಾನೆ.

ಆ ಹಲಗೆಯ ಲೆಕ್ಕವನ್ನು ಮಾರುವವನೂ ತಿಳಿದಿರಬೇಕು. 6 ಅಡಿ ಉದ್ದ, 3 ಅಡಿ ಅಗಲ, 1 ಅಂಗುಲ ದಪ್ಪದ ಮೇಲ್ಹಲಗೆಯೆಂದರೆ ಒಂದೂವರೆ ಘನ ಅಡಿ. 3 ಅಂಗುಲ ಚೌಕದ, 28 ಅಂಗುಲ ಎತ್ತರದ ನಾಲ್ಕು ಕಾಲಿಗೆ ಅರ್ಧ ಅಡಿಗಿಂತ ತುಸು ಹೆಚ್ಚು. ಅಡ್ಡಪಟ್ಟಿಗಳೂ ಸೇರಿ ಸುಮಾರು ಎರಡೂವರೆ ಘನ ಅಡಿ. ಹಳೆಯ ಮರಕ್ಕೆ ಹೊಸ ಮರದ ದರ ಬಾರದು. ಮೊಳೆಯ ತೂತು, ಕೊಯ್ತದ ನಷ್ಟ ಎಂದು ಕಳೆಯುತ್ತಾರೆ. ಕಳೆಯಲಿ. ಆದರೆ ಇದು ಮೇಜು ಮುರಿದರೆ ಬರುವ ಬೆಲೆ, ಇಟ್ಟು ಬಳಸುವವನು ಕೊಡಬೇಕಾದ ಬೆಲೆಯಲ್ಲ.

ಬಳಸುವವನನ್ನು ಒಪ್ಪಿಸಲು ಮರ ಗಟ್ಟಿಯೆಂದು ತೋರಿಸಬೇಕು. ಲಕ್ಕವಳ್ಳಿಯ ಕಾಡಿನ ನೆರೆಯವರಾದ ತರೀಕೆರೆಯವರಿಗೆ ತೇಗ, ಹೊನ್ನೆ, ಬೀಟೆ ಅಪರಿಚಿತವಲ್ಲ. ಆದರೂ ಪ್ಲೈವುಡ್ಡಿನ ಮೇಲೆ ತೇಗದ ತೆಳುಪದರ ಅಂಟಿಸಿದ್ದನ್ನು ಕಂಡು ಮೋಸಹೋಗುವವರಿದ್ದಾರೆ. ಹಲಗೆಯ ತುದಿಯನ್ನು ನೋಡಿ: ಮೇಲಿನ ಗೆರೆ ಅಂಚಿನಲ್ಲಿ ಮಡಿಚಿ ಕೆಳಗೂ ಇಳಿದಿದ್ದರೆ ಅದು ಇಡಿಯ ಮರ. ಕಾಲಿನ ಬುಡದಲ್ಲಿ ಸಣ್ಣ ತೂತು, ನುಣ್ಣನೆಯ ಪುಡಿ ಕಂಡರೆ ಹುಳುವಿದೆಯೆಂದು ತಿಳಿಯಿರಿ. ತೇಗದ ಕೆಚ್ಚನ್ನು ಹುಳು ಸುಲಭವಾಗಿ ಮುಟ್ಟದು, ಹೊರಗಿನ ಬಿಳಿಯ ಭಾಗಕ್ಕೆ ಬೀಳುತ್ತದೆ. ಮುಚ್ಚಿಡದೆ ಹೇಳಿಬಿಡುವುದೇ ಲೇಸು. ಮಾರುವ ಮುಂಚೆ ಹೊಸ ಪಾಲಿಶ್ ಬಳಿಯುವುದೂ ಬೇಡ. ಏನನ್ನೋ ಮರೆಮಾಡಿದ್ದಾರೆಂದೇ ಅನುಮಾನ.

ಇನ್ನೊಂದು ಸಂಗತಿ ಇಲ್ಲಿನವರಿಗೆ ವಿಶೇಷ. ಮರ ಉದ್ದಕ್ಕೆ ಬೆಳೆಯದು, ಕುಗ್ಗದು ಎನ್ನಬಹುದು. ಅಗಲಕ್ಕೆ ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುತ್ತದೆ. ತರೀಕೆರೆಯ ಮಲೆನಾಡಿನ ಅಂಚಿನ ತೇವದಲ್ಲಿದ್ದ ಮೇಜು ಕಡೂರಿನ ಒಣ ಬಯಲಿಗೆ ಬಂದರೆ ಹಲಗೆಗಳ ನಡುವೆ ಸೀಳು ತೋರೀತು. ಮೇಲ್ಹಲಗೆಯನ್ನು ಬಿಗಿಯಾಗಿ ಮೊಳೆ ಹೊಡೆದಿದ್ದರೆ ಸೀಳು ಹೆಚ್ಚು, ಸರಿಯಲು ಎಡೆ ಬಿಟ್ಟಿದ್ದರೆ ಕಡಿಮೆ. ಇದನ್ನು ಮೊದಲೇ ತಿಳಿಸಿದರೆ ಮುಂದೆ ಜಗಳವಿಲ್ಲ.

ನನ್ನ ತಂದೆ ಬಡಗಿ. ನಮ್ಮ ಮನೆಯ ಮೇಜು, ಆರು ಕುರ್ಚಿಗಳು ಅವರಿಗೆ ಕೂಲಿಯ ಬದಲು ಬಂದವು. ಅದರ ಮೇಲೆ ನಾವು ಉಂಡದ್ದಿಲ್ಲ. ಮನೆಯಲ್ಲಿ ಮೊದಲು ಕಾಲೇಜು ಕಂಡ ನಾನು ಪುಸ್ತಕ ಹರಡಿಕೊಂಡದ್ದೇ ಅದರ ಬಳಕೆ. ಈಗ ತಂಗಿಯ ಕಾಲೇಜಿನ ಶುಲ್ಕಕ್ಕಾಗಿ ಮಾರಬೇಕಾಗಿದೆ. ಬಂದವರೊಬ್ಬರು ಕುರ್ಚಿ ನಾಲ್ಕು ಸಾಕು, ಮೇಜು ಬೇಡವೆಂದರು. ಹಣ ಕೈಗೆ ಹತ್ತಿರವಿತ್ತು, ಆದರೂ ತಂದೆ ಒಪ್ಪಲಿಲ್ಲ. ಕುರ್ಚಿ ಹೋದ ಮೇಲೆ ಒಂಟಿ ಮೇಜಿಗೆ ದಲ್ಲಾಳಿಯ ಹೊರತು ಗಿರಾಕಿಯಿಲ್ಲ, ಅವನು ಅದನ್ನು ಮುರಿಯುತ್ತಾನೆ. ಹಾಗೆಂದು ಕಾಯುವುದೂ ಸುಲಭವಲ್ಲ: ಆಷಾಢದಲ್ಲಿ ಗೃಹಪ್ರವೇಶವಿಲ್ಲ, ಶುಲ್ಕದ ಗಡುವಿಗೆ ಆಷಾಢದ ಗೊಡವೆಯಿಲ್ಲ. ಊಟಕ್ಕೆ ಕೊಳ್ಳುವವರು ಸಿಗದಿದ್ದರೆ ದರ್ಜಿಗಳನ್ನು, ಚಿಕ್ಕ ಖಾನಾವಳಿಯವರನ್ನು, ಪಾಠ ಹೇಳುವವರನ್ನು ಕೇಳಬೇಕು. ನಾನು ಮೊಬೈಲಿನಲ್ಲಿ ನಾಲ್ಕು ಚಿತ್ರ ಕಳುಹಿಸಿದ್ದೇನೆ; ಒಂದು ಮೇಜಿನ ಅಡಿಭಾಗದ್ದು. ತಿಳಿದವರು ಮೊದಲು ಕೇಳುವುದು ಅದನ್ನೇ.

ಸಾಗಣೆಯ ಮಾತನ್ನು ಬೆಲೆಯ ಜೊತೆಗೇ ಮುಗಿಸಿಕೊಳ್ಳಿ. ಕಡೂರು, ತರೀಕೆರೆಗಳು ಬೆಂಗಳೂರು–ಶಿವಮೊಗ್ಗ ಹೆದ್ದಾರಿಯ ಮೇಲಿವೆ. ಅಜ್ಜಂಪುರ ಒಳಗಿದೆ, ಅಲ್ಲಿಂದ ಬಾಡಿಗೆ ಹೆಚ್ಚು ಕೇಳುತ್ತಾರೆ. ಕಾಲು ಬಿಚ್ಚುವಂತಿದ್ದರೆ ಬಿಚ್ಚಿ ಗುರುತು ಹಾಕಿ. ಮೇಲ್ಹಲಗೆಯನ್ನು ಕಂಬಳಿ ಸುತ್ತಿ ಅಂಚಿನ ಮೇಲೆ ನಿಲ್ಲಿಸಿ ಕಟ್ಟಬೇಕು, ಮಲಗಿಸಿ ಮೇಲೆ ಕುರ್ಚಿ ಹೇರಬಾರದು.