ಪುಟ್ಟ ತೊಟ್ಟಿಗೆ ಒಪ್ಪುವ ಸಿಕ್ಲಿಡ್ ಮೀನುಗಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಮ್ಮ ವಾಚಕರಲ್ಲಿ ‘ಸಿಕ್ಲಿಡ್’ ಎಂಬ ಹೆಸರನ್ನು ಕೇಳದವರು ಅನೇಕರಿರಬಹುದು. ಆದರೆ ಸಿಕ್ಲಿಡ್ ಮೀನನ್ನು ಕಾಣದವರು ಬಹುಶಃ ಇರಲಾರರು. ಸಂತೆಯ ಬುಟ್ಟಿಗಳಲ್ಲಿ ‘ಜಿಲೇಬಿ’ ಎಂಬ ಹೆಸರಿನಿಂದ ಮಾರಾಟವಾಗುವ, ಬೆನ್ನಿನ ಮೇಲೆ ಮುಳ್ಳುಮುಳ್ಳಾದ ಈಜುರೆಕ್ಕೆಯುಳ್ಳ ಬೂದುಬಣ್ಣದ ಮೀನು ಈ ಕುಟುಂಬಕ್ಕೇ ಸೇರಿದುದು. ತಿಲಾಪಿಯವೆಂಬುದು ಅದರ ಇನ್ನೊಂದು ಹೆಸರು. ಆಫ್ರಿಕ ಖಂಡದ ಈ ಮೀನನ್ನು ೧೯೫೨ರಲ್ಲಿ ಭಾರತಕ್ಕೆ ತಂದರು. ಇಂದು ಅದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿದೆ, ಕಬಿನಿಯಲ್ಲಿದೆ, ಊರೂರ ಕೆರೆಗಳಲ್ಲಿದೆ. ಅದು ಸಿಕ್ಲಿಡ್ಡೆಂಬುದಕ್ಕೆ ಸಾಕ್ಷಿ ಬೇಕಾದವರು ಅದರ ಮೂತಿಯನ್ನು ಗಮನಿಸಿ ನೋಡಬಹುದು. ಕಾಟ್ಲ, ರೋಹು ಮೊದಲಾದ ಮೀನುಗಳಿಗೆ ಮೂತಿಯ ಒಂದೊಂದು ಪಕ್ಕದಲ್ಲಿಯೂ ಎರಡೆರಡು ಮೂಗಿನ ರಂಧ್ರಗಳಿದ್ದರೆ, ಸಿಕ್ಲಿಡ್‌ಗಳಿಗೆ ಒಂದೊಂದೇ. ಮೈಯ ಪಕ್ಕದಲ್ಲಿ ಹಾದುಹೋಗುವ ಪಾರ್ಶ್ವರೇಖೆಯೂ ಅವುಗಳಲ್ಲಿ ನಡುವೆ ತುಂಡಾಗಿ, ಕೆಳಗಿನ ಸಾಲಿನಲ್ಲಿ ಮತ್ತೆ ಮುಂದುವರಿಯುತ್ತದೆ.

ಈ ಕುಟುಂಬದಲ್ಲಿ ಇದುವರೆಗೆ ಹೆಸರು ಪಡೆದ ಪ್ರಭೇದಗಳೇ ೧,೭೦೦ಕ್ಕೂ ಮಿಕ್ಕಿವೆ. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳು ಇವುಗಳ ಮುಖ್ಯ ನೆಲೆಗಳು. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು, ಮೂರೂ ದಕ್ಷಿಣದವು. ಇವುಗಳ ಹತ್ತಿರದ ಬಂಧುಗಳು ಇರುವುದು ದೂರದ ಮಡಗಾಸ್ಕರ್ ದ್ವೀಪದಲ್ಲಿ ಎಂಬುದು ಭೂಗೋಳವನ್ನು ಓದುವ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾಗಿ ತೋರೀತು.

ಬಣ್ಣ, ಬುದ್ಧಿ, ಮರಿಗಳ ಮೇಲಿನ ಮಮತೆ ಈ ಮೂರರಿಂದಲೂ ಸಿಕ್ಲಿಡ್‌ಗಳು ಮೀನು ಸಾಕುವವರ ಮನಸ್ಸನ್ನು ಸೆಳೆಯುತ್ತವೆ. ಆದರೆ ಅಂಗಡಿಯಲ್ಲಿ ಕಂಡ ಅಂದವಾದ ಮರಿಗಳನ್ನೆಲ್ಲ ಒಂದೊಂದಾಗಿ ಆರಿಸಿ ಒಂದೇ ತೊಟ್ಟಿಗೆ ಬಿಟ್ಟವರು, ಕೆಲವು ವಾರಗಳಲ್ಲಿ ಹರಿದ ರೆಕ್ಕೆಗಳನ್ನೂ ತೇಲುವ ಹೆಣಗಳನ್ನೂ ಕಾಣಬೇಕಾಗುತ್ತದೆ. ಇದಕ್ಕೆ ಕಾರಣ ಮೀನಿನ ದುಷ್ಟತನವಲ್ಲ, ಆರಿಸಿದವರ ಅವಸರ.

ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಇರಬಹುದಾದ ತೊಟ್ಟಿಯನ್ನು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ್ದೆಂದು ಇಟ್ಟುಕೊಳ್ಳೋಣ. ಅದರ ಗಾತ್ರ ಎರಡು ಘನ ಅಡಿ, ಎಂದರೆ ಸುಮಾರು ೫೬ ಲೀಟರು. ತಳಕ್ಕೆ ಮರಳು ಹಾಸಿ, ನಾಲ್ಕಾರು ಕಲ್ಲುಗಳನ್ನಿಟ್ಟು, ಮೇಲೆ ಒಂದಂಗುಲ ಬಿಟ್ಟರೆ ಉಳಿಯುವ ನೀರು ೪೫ ಲೀಟರಿನ ಆಸುಪಾಸು. ನಮ್ಮ ಲೆಕ್ಕಾಚಾರವೆಲ್ಲ ಈ ೪೫ ಲೀಟರಿನೊಳಗೇ ನಡೆಯಬೇಕು.

ಮೊದಲು ನೀರಿನ ವಿಚಾರ. ಲಕ್ಷ್ಮಣತೀರ್ಥ, ಕಾವೇರಿ, ಕಬಿನಿಗಳು ನಮ್ಮ ಈ ಸೀಮೆಯಲ್ಲಿಯೇ ಹರಿಯುತ್ತಿದ್ದರೂ ಅನೇಕ ಮನೆಗಳಿಗೆ ಬರುವುದು ಕೊಳವೆ ಬಾವಿಯ ನೀರು. ನೆಲದಾಳದ ಕಲ್ಲುಗಳ ನಡುವೆ ನಿಂತ ನೀರಿನಲ್ಲಿ ಸುಣ್ಣದ ಮತ್ತು ಮೆಗ್ನೀಸಿಯಮ್ಮಿನ ಲವಣಗಳು ಕರಗಿರುವುದರಿಂದ ಅದು ಸಾಮಾನ್ಯವಾಗಿ ಗಡಸು. ಇದನ್ನು ಅರಿಯಲು ಪ್ರಯೋಗಶಾಲೆಯೇ ಬೇಕಾಗಿಲ್ಲ. ಎರಡು ಸೀಸೆಗಳಲ್ಲಿ ಒಂದರಲ್ಲಿ ಮಳೆಯ ನೀರನ್ನೂ ಇನ್ನೊಂದರಲ್ಲಿ ಮನೆಯ ನೀರನ್ನೂ ಸಮನಾಗಿ ತೆಗೆದುಕೊಂಡು, ಸಾಬೂನಿನ ದ್ರಾವಣವನ್ನು ತೊಟ್ಟುತೊಟ್ಟಾಗಿ ಹಾಕುತ್ತ ಕುಲುಕಿರಿ. ನಿಲ್ಲುವ ನೊರೆ ಬರಬೇಕಾದರೆ ಮನೆಯ ನೀರಿಗೆ ಎಷ್ಟು ಹೆಚ್ಚು ತೊಟ್ಟುಗಳು ಬೇಕಾದುವೋ ಅದು ಅಷ್ಟು ಗಡಸೆಂದು ತಿಳಿಯಬಹುದು. ಸ್ನಾನದ ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿಯ ಪೊರೆಯೂ ಇದನ್ನೇ ಸಾರುತ್ತದೆ.

ಗಡಸು ನೀರು ಕೆಟ್ಟ ನೀರೆಂದು ಭಾವಿಸಬಾರದು. ಆಫ್ರಿಕದ ಟಾಂಗನೀಕ ಮತ್ತು ಮಲಾವಿ ಸರೋವರಗಳ ಸಿಕ್ಲಿಡ್‌ಗಳಿಗೆ ಗಡಸಾದ, ಕ್ಷಾರಗುಣದ ನೀರೇ ಹಿತ. ಅಮೆಜಾನ್ ಕಾಡಿನ ಹೊಳೆಗಳ ಸಿಕ್ಲಿಡ್‌ಗಳಿಗೆ ಮೃದುವಾದ, ಸ್ವಲ್ಪ ಆಮ್ಲಗುಣದ ನೀರು ಬೇಕು. ಈ ಎರಡು ಗುಂಪುಗಳನ್ನು ಒಂದೇ ತೊಟ್ಟಿಯಲ್ಲಿಟ್ಟರೆ ಅವು ಜಗಳವಾಡದಿದ್ದರೂ ಯಾವುದಾದರೊಂದು ಸೊರಗುತ್ತದೆ. ಆದ್ದರಿಂದ ಮೀನಿಗೆ ತಕ್ಕಂತೆ ನೀರನ್ನು ತಿದ್ದಲು ಹೊರಡುವುದಕ್ಕಿಂತ, ನಮ್ಮ ನೀರಿಗೆ ತಕ್ಕ ಮೀನನ್ನು ಹುಡುಕುವುದು ಜಾಣತನವೆಂದು ನಮ್ಮ ಅಭಿಪ್ರಾಯ.

ಗಡಸು ನೀರಿನವರು ಇನ್ನೊಂದು ಸಂಗತಿಯನ್ನು ಅರಿತಿರಬೇಕು. ಮೀನು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ನೀರು ತಟಸ್ಥವಾಗಿದ್ದರೆ ಅದರ ಬಹುಭಾಗ ಅಷ್ಟಾಗಿ ಹಾನಿಯಿಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ನೀರು ಕ್ಷಾರಗುಣದ್ದಾದಂತೆ ವಿಷಕರವಾದ ಅಮೋನಿಯದ ಪಾಲು ಏರುತ್ತದೆ. ಪಿಎಚ್ ಮಾನ ೭ರಿಂದ ೮ಕ್ಕೆ ಏರಿದರೆ ಈ ಪಾಲು ಹೆಚ್ಚುಕಡಮೆ ಹತ್ತು ಮಡಿಯಾಗುತ್ತದೆ. ಅಮೋನಿಯವನ್ನು ಮೊದಲು ನೈಟ್ರೈಟಾಗಿ, ಆಮೇಲೆ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಮರಳಿನಲ್ಲಿಯೂ ಶೋಧಕದ ಸ್ಪಂಜಿನಲ್ಲಿಯೂ ನೆಲೆಗೊಳ್ಳುವುದಕ್ಕೆ ನಾಲ್ಕಾರು ವಾರಗಳು ಹಿಡಿಯುತ್ತವೆ. ಹೊಸ ತೊಟ್ಟಿಯಲ್ಲಿ ಮೊದಲ ತಿಂಗಳೇ ಮೀನುಗಳು ಸಾಯುವುದು ಬಹುಮಟ್ಟಿಗೆ ಈ ಕಾರಣದಿಂದ. ಕಾಯುವ ತಾಳ್ಮೆಯಿಲ್ಲದವರು ಸಿಕ್ಲಿಡ್ ಸಾಕುವ ಯೋಚನೆಯನ್ನು ಸದ್ಯಕ್ಕೆ ಬಿಡುವುದೊಳ್ಳೆಯದು.

ಇನ್ನು ನಿಜವಾದ ತೊಡಕಿಗೆ ಬರೋಣ. ಸಿಕ್ಲಿಡ್ ನೆಲದ ಒಡೆತನವನ್ನು ಬಲ್ಲ ಮೀನು. ಗಂಡು ಜಿಲೇಬಿ ಕೆರೆಯ ಅಂಚಿನ ಕೆಸರಿನಲ್ಲಿ ಬಾಯಿಂದ ತೋಡಿ ತಟ್ಟೆಯಂಥ ಗುಂಡಿಯನ್ನು ಮಾಡಿಕೊಂಡು, ಅದರ ಸುತ್ತ ಬೇರೊಂದು ಗಂಡು ಸುಳಿಯದಂತೆ ಕಾವಲಿರುತ್ತದೆ. ಕೆರೆಯಲ್ಲಿ ಸೋತ ಮೀನು ಹತ್ತಿಪ್ಪತ್ತು ಅಡಿ ದೂರ ಓಡಿದರೆ ಜಗಳ ಅಲ್ಲಿಗೆ ಮುಗಿಯಿತು. ಎರಡಡಿಯ ತೊಟ್ಟಿಯಲ್ಲಿ ಓಡಿದ ಮೀನು ಗಾಜಿಗೆ ತಗಲಿ ಹಿಂದಿರುಗಿ ಅದೇ ಗುಂಡಿಯ ಬಳಿಗೇ ಬರುತ್ತದೆ. ಗೆದ್ದ ಮೀನಿನ ಕಣ್ಣಿಗೆ ಇದು ಸೋತವನು ಮತ್ತೆ ಮತ್ತೆ ಸವಾಲು ಹಾಕಿದಂತೆ. ಹೊಳೆಯಲ್ಲಿ ಕೆಲವೇ ಕ್ಷಣಗಳ ಬೆದರಿಕೆಯಾಗಿ ಮುಗಿಯುವುದು ಇಲ್ಲಿ ಕೊಲೆಯಾಗುವುದು ಹೀಗೆ. ಬಣ್ಣದಲ್ಲಿಯೂ ಆಕಾರದಲ್ಲಿಯೂ ತನ್ನನ್ನೇ ಹೋಲುವ ಮೀನಿನ ಮೇಲೆ ಈ ರೋಷ ಇನ್ನೂ ಹೆಚ್ಚು. ಏಕೆಂದರೆ ಅದೇ ಆಹಾರಕ್ಕೂ ಹೆಣ್ಣಿಗೂ ಪೈಪೋಟಿ ನಡೆಸುವುದು ಅಂಥದೇ. ಹೀಗಾಗಿ ಪುಟ್ಟ ತೊಟ್ಟಿಯ ಮೊದಲ ನಿಯಮ ಬಹಳ ಸರಳ: ಒಂದೇ ಪ್ರಭೇದ, ಒಂದೇ ಜೋಡಿ.

ಈ ನಿಯಮಕ್ಕೂ ಮೀನಿನ ಬೆಳವಣಿಗೆಗೂ ಸಂಬಂಧವಿದೆ. ಅಂಗಡಿಯಲ್ಲಿ ಒಂದೂವರೆ ಅಂಗುಲವಿರುವ ಆಸ್ಕರ್ ಮರಿ ಒಂದಡಿಗೂ ಮೀರಿ ಬೆಳೆಯುತ್ತದೆ. ಒಂದಡಿ ಅಗಲದ ತೊಟ್ಟಿಯಲ್ಲಿ ಅದಕ್ಕೆ ಮಗ್ಗುಲು ಬದಲಿಸಲೂ ಜಾಗವಿರದು. ಮನುಷ್ಯನೇ ಮಿಶ್ರತಳಿಯಾಗಿ ಹುಟ್ಟಿಸಿದ ಫ್ಲವರ್‌ಹಾರ್ನ್ ಕೂಡ ಇದೇ ಪಂಕ್ತಿಯದು. ಮನೆಗೆ ಅದೃಷ್ಟ ತರುತ್ತದೆಂದು ಹೇಳಿ ಮಾರುವವರಿದ್ದಾರೆ, ಆ ಅದೃಷ್ಟ ಮೀನಿಗಂತೂ ಇಲ್ಲ. ಏಂಜೆಲ್ ಮೀನು ಶಾಂತವಾಗಿ ಕಂಡರೂ ಬೆಳೆದಾಗ ರೆಕ್ಕೆಯ ತುದಿಯಿಂದ ತುದಿಗೆ ಎಂಟು ಅಂಗುಲ ಎತ್ತರ ನಿಲ್ಲುತ್ತದೆ. ಮರಳು ಹಾಸಿದ ನಮ್ಮ ತೊಟ್ಟಿಯ ನೀರಿನ ಆಳವೋ ಹತ್ತಂಗುಲಕ್ಕೆ ಹೆಚ್ಚಿಲ್ಲ. ಕೇರಳದ ಕರಿಮೀನು ನಮ್ಮ ದೇಶದ್ದೇ ಆದ ಸಿಕ್ಲಿಡ್, ಆದರೆ ಅದೂ ಊಟದ ತಟ್ಟೆಯನ್ನು ತುಂಬುವ ಗಾತ್ರದ್ದು. ನೇತ್ರಾವತಿ, ಕುಮಾರಧಾರೆಗಳ ನೀರಿನಲ್ಲಿರುವ ಕೆನರಾ ಸಿಕ್ಲಿಡ್ ಕರ್ನಾಟಕದಲ್ಲಿ ಮಾತ್ರ ದೊರೆಯುವ, ಅಳಿವಿನ ಅಪಾಯಕ್ಕೆ ಸಿಕ್ಕಿರುವ ಮೀನು. ಅದನ್ನು ಹೊಳೆಯಲ್ಲಿಯೇ ಬಿಡುವುದು ಲೇಸು. ಕೆರೆಯಿಂದ ಹಿಡಿದು ತಂದ ಜಿಲೇಬಿ ಮರಿ ಬಿಟ್ಟಿಯಾಗಿ ದೊರೆಯುವುದೇನೋ ನಿಜ. ಅದು ಗಿಡಗಳನ್ನು ಕಿತ್ತು, ಮರಳನ್ನೆಲ್ಲ ಒಂದು ಮೂಲೆಗೆ ಗುಡ್ಡೆಹಾಕಿ, ಜೊತೆಯವನ್ನು ಓಡಾಡಿಸಿ, ತೊಟ್ಟಿಯನ್ನು ತನ್ನೊಬ್ಬನದೆಂದು ಮಾಡಿಕೊಳ್ಳುತ್ತದೆ.

ಹಾಗಾದರೆ ಉಳಿದುದೇನು? ನಮ್ಮ ಮೊದಲ ಆಯ್ಕೆ, ಭಾರತದ ಮೂರು ಸಿಕ್ಲಿಡ್‌ಗಳಲ್ಲಿ ಅತ್ಯಂತ ಚಿಕ್ಕದಾದ ಕಿತ್ತಳೆ ಕ್ರೊಮೈಡ್. ಬೆಳೆದಾಗ ಸುಮಾರು ಮೂರು ಅಂಗುಲ. ಹೊಂಬಣ್ಣದ ಮೈ, ಅದರ ಮೇಲೆ ಕೆಂಪು ಚುಕ್ಕಿಗಳ ಸಾಲು. ಕರಾವಳಿಯ ಹಿನ್ನೀರುಗಳಲ್ಲಿ ಹುಟ್ಟಿದ ಈ ಮೀನು ಉಪ್ಪುನೀರನ್ನೂ ಸಿಹಿನೀರನ್ನೂ ಸಹಿಸುತ್ತದೆ. ನಮ್ಮ ಗಡಸು ನೀರು ಅದಕ್ಕೆ ಅಡ್ಡಿಯಲ್ಲ. ಅಂಗಡಿಯವನು ಅದನ್ನು ಯಾವ ನೀರಿನಲ್ಲಿ ಇಟ್ಟಿದ್ದನೆಂದು ಮಾತ್ರ ಕೇಳಿ ತಿಳಿದು, ಮನೆಯ ನೀರಿಗೆ ಮೆಲ್ಲಮೆಲ್ಲನೆ ಒಗ್ಗಿಸಬೇಕು. ಹೊರನೋಟಕ್ಕೆ ಗಂಡುಹೆಣ್ಣುಗಳ ಭೇದ ತಿಳಿಯದ ಕಾರಣ ಐದಾರು ಮರಿಗಳನ್ನು ತಂದು, ಅವುಗಳಲ್ಲಿ ಜೋಡಿಯೊಂದು ತಾನಾಗಿ ಕೂಡಿದ ಮೇಲೆ ಉಳಿದವನ್ನು ಹಿಂದಿರುಗಿಸುವುದು ರೂಢಿಯಲ್ಲಿರುವ ಕ್ರಮ. ಹಿಂದಕ್ಕೆ ತೆಗೆದುಕೊಳ್ಳುವಿರಾ ಎಂದು ಅಂಗಡಿಯವನನ್ನು ಮೊದಲೇ ಕೇಳಿಟ್ಟುಕೊಳ್ಳಿ.

ನೀರು ಬಹಳ ಗಡಸಾಗಿರುವವರಿಗೆ ಟಾಂಗನೀಕದ ಶಂಖವಾಸಿ ಸಿಕ್ಲಿಡ್ ಇನ್ನೂ ಸೊಗಸು. ಒಂದೂವರೆ ಅಂಗುಲದ ಈ ಮೀನು ಸತ್ತ ಬಸವನಹುಳುವಿನ ಚಿಪ್ಪಿನೊಳಗೆ ಸಂಸಾರ ಹೂಡುತ್ತದೆ. ಪ್ರತಿಯೊಂದರ ಸೀಮೆಯೂ ಗೇಣಗಲವಾದ್ದರಿಂದ ಎರಡಡಿಯ ತೊಟ್ಟಿಯಲ್ಲಿ ಒಂದು ಜೋಡಿಯಷ್ಟೇ ಅಲ್ಲ, ಒಂದು ಪುಟ್ಟ ಕೇರಿಯೇ ನೆಲಸಬಹುದು. ಮೇಲೆ ಹೇಳಿದ ನಿಯಮಕ್ಕೆ ಇದೊಂದು ಅಪವಾದ. ಕೃಷ್ಣರಾಜನಗರದ ಕಡೆಯ ಭತ್ತದ ಗದ್ದೆಗಳ ಬದುವಿನಲ್ಲಿ ದೊರೆಯುವ ಖಾಲಿ ಚಿಪ್ಪುಗಳನ್ನು ಕುದಿಸಿ, ಚೆನ್ನಾಗಿ ತೊಳೆದು ಹಾಕಿದರೆ ಆಫ್ರಿಕದ ಮೀನು ಅದನ್ನು ಪರದೇಶದ್ದೆಂದು ತಿರಸ್ಕರಿಸುವುದಿಲ್ಲ. ಆದರೆ ಈ ಮೀನು ದೊಡ್ಡ ನಗರಗಳ ಅಂಗಡಿಗಳಲ್ಲಿ ಮಾತ್ರ ದೊರೆಯುವಂಥದು, ಬೆಲೆಯೂ ಹೆಚ್ಚು.

ನದಿಯ ನೀರೋ ಮಳೆಯ ನೀರೋ ಒದಗುವವರು ಪಶ್ಚಿಮ ಆಫ್ರಿಕದ ಕ್ರಿಬೆನ್ಸಿಸ್ ಜೋಡಿಯನ್ನು ಇಡಬಹುದು. ಅದಕ್ಕೆ ಅಡಗಲು ಮಗುಚಿಟ್ಟ ಮಣ್ಣಿನ ಕುಡಿಕೆಯೊಂದಿದ್ದರೆ ಸಾಕು. ನೀರಿನ ಆಮ್ಲತೆಯನ್ನು ಅನುಸರಿಸಿ ಅದರ ಮರಿಗಳಲ್ಲಿ ಗಂಡುಹೆಣ್ಣುಗಳ ಪ್ರಮಾಣವೇ ಬದಲಾಗುವುದು ಕಂಡುಬಂದಿದೆ. ಎರಡಂಗುಲದ ರಾಮಿರೆಜಿ ನೋಡಲು ಬಹು ಚೆಲುವು, ಆದರೆ ಸುಕುಮಾರ. ೨೭ ಡಿಗ್ರಿ ಸೆಲ್ಸಿಯಸ್ಸಿಗೆ ಕಡಮೆಯಾದ ನೀರು ಅದಕ್ಕಾಗದು. ನಮ್ಮ ಮಾರ್ಗಶಿರ, ಪುಷ್ಯ ಮಾಸಗಳ ಚಳಿಗೆ ನೀರು ಬಿಸಿಮಾಡುವ ಉಪಕರಣವಿಲ್ಲದೆ ಅದನ್ನು ತರಬಾರದು.

ಜೋಡಿಯೊಂದರ ಜೊತೆಗೆ ಸಂಗಡಿಗರು ಬೇಡವೆ? ಸಿಕ್ಲಿಡ್ ಅಲ್ಲದ, ನೀರಿನ ಮೇಲ್ಪದರದಲ್ಲಿ ಗುಂಪಾಗಿ ಈಜುವ ಆರು ಜೀಬ್ರ ಡಾನಿಯೋಗಳನ್ನು ಕಿತ್ತಳೆ ಕ್ರೊಮೈಡ್‌ಗಳೊಡನೆ ಬಿಡಬಹುದು. ಪುಟ್ಟ ಮೀನುಗಳು ನಿರ್ಭಯವಾಗಿ ಓಡಾಡುವುದನ್ನು ಕಂಡರೆ ಸಿಕ್ಲಿಡ್‌ಗಳೂ ಅಪಾಯವಿಲ್ಲವೆಂದು ಬಗೆದು ಅಡಗುತಾಣದಿಂದ ಹೊರಬರುತ್ತವೆ. ಶಂಖವಾಸಿಗೆ ಇಂಥ ನೆರವು ಬೇಕಾಗಿಲ್ಲ.

ಆಯ್ಕೆ ತಪ್ಪಿದಾಗ ಅನೇಕರು ಹಿಡಿಯುವ ಸುಲಭದ ದಾರಿಯೊಂದಿದೆ: ಬೇಡವಾದ ಮೀನನ್ನು ಊರ ಕೆರೆಗೆ ಬಿಡುವುದು. ಇದನ್ನು ದಯೆಯೆಂದು ಭಾವಿಸುವವರು ಜಿಲೇಬಿಯ ಕಥೆಯನ್ನು ನೆನೆಯಬೇಕು. ಹೆಣ್ಣು ಜಿಲೇಬಿ ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟುಕೊಂಡು ಕಾಯುವುದರಿಂದ ಅವುಗಳಲ್ಲಿ ಬಹುಪಾಲು ಉಳಿಯುತ್ತವೆ; ಇಕ್ಕಟ್ಟಾದ ಕೆರೆಯಲ್ಲಿ ಅದು ಬೆರಳುದ್ದವಿರುವಾಗಲೇ ಮರಿಮಾಡತೊಡಗುತ್ತದೆ. ೧೯೫೯ರ ವೇಳೆಗೇ ಅದರ ಹರಡುವಿಕೆಗೆ ತಡೆಹಾಕುವ ಯತ್ನ ನಡೆದರೂ ಅದು ಕಾವೇರಿಯ ಉದ್ದಕ್ಕೂ ಹಬ್ಬಿತು. ವಿಕ್ಟೋರಿಯ ಸರೋವರದಲ್ಲಿ ಇದರ ವಿಲೋಮ ನಡೆಯಿತು. ಅಲ್ಲಿಗೆ ೧೯೫೦ರ ದಶಕದಲ್ಲಿ ಬಿಟ್ಟ ನೈಲ್ ಪರ್ಚ್ ಎಂಬ ಹೊರಗಿನ ಮೀನು, ಮುಂದಿನ ಮೂರು ನಾಲ್ಕು ದಶಕಗಳಲ್ಲಿ ನೂರಾರು ಸಿಕ್ಲಿಡ್ ಪ್ರಭೇದಗಳು ಅಳಿಯುವುದಕ್ಕೆ ಮುಖ್ಯ ಕಾರಣವಾಯಿತು. ಲಕ್ಷ್ಮಣತೀರ್ಥಕ್ಕೆ ಬಿಟ್ಟ ಮೀನು ಅಲ್ಲಿಯೇ ನಿಲ್ಲುವುದಿಲ್ಲ. ಆ ಹೊಳೆ ಸೇರುವುದು ಕೃಷ್ಣರಾಜಸಾಗರವನ್ನು. ಬೇಡವಾದ ಮೀನನ್ನು ಅಂಗಡಿಗೋ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೋ ಕೊಡಿರಿ.

ಕಿತ್ತಳೆ ಕ್ರೊಮೈಡ್ ಜೋಡಿಯು ಹೊಂದಿಕೊಂಡಿತೆಂದರೆ ಕೆಲವು ತಿಂಗಳಲ್ಲಿ ಎರಡೂ ಸೇರಿ ಒಂದು ಕಲ್ಲನ್ನು ಬಾಯಿಂದ ಉಜ್ಜಿ ಶುಚಿಮಾಡುವುದನ್ನು ಕಾಣುವಿರಿ. ಅದಕ್ಕೆ ಅಂಟಿಸಿದ ಮೊಟ್ಟೆಗಳಿಗೆ ಗಂಡುಹೆಣ್ಣುಗಳೆರಡೂ ರೆಕ್ಕೆಯಿಂದ ಬೀಸಣಿಗೆ ಹಾಕುತ್ತವೆ. ಸುಮಾರು ಮೂರು ದಿನಗಳಲ್ಲಿ ಒಡೆದ ಮರಿಗಳನ್ನು ಬಾಯಲ್ಲಿ ಎತ್ತಿಕೊಂಡು ಮರಳಿನ ಗುಂಡಿಗೆ ಸಾಗಿಸುತ್ತವೆ. ಈಜಲು ಕಲಿತ ಮರಿಗಳು ತಂದೆತಾಯಿಗಳ ಮೈಗೆ ಮುತ್ತಿ, ಚರ್ಮದಿಂದ ಒಸರುವ ಲೋಳೆಯನ್ನು ಕುಕ್ಕಿ ತಿನ್ನುತ್ತವೆ; ಇದು ಹೆಚ್ಚುಕಡಮೆ ಮೊಲೆಯೂಡಿದಂತೆಯೇ ಸರಿ. ಹಿನ್ನೀರಿನಲ್ಲಿ ಎಳೆಯ ಕ್ರೊಮೈಡ್‌ಗಳು ಕರಿಮೀನಿನ ಮೈಯಿಂದಲೂ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವುದನ್ನು ವಿಜ್ಞಾನಿಗಳು ೧೯೭೨ರಲ್ಲಿ ವರದಿಮಾಡಿದರು. ಈ ದಿನಗಳಲ್ಲಿ ಡಾನಿಯೋಗಳನ್ನು ಬೇರೆ ಪಾತ್ರೆಗೆ ಸಾಗಿಸುವುದು ಮೇಲು; ಕಾವಲಿನ ರೋಷಕ್ಕೆ ಅವು ಗುರಿಯಾಗುತ್ತವೆ, ಮರಿಗಳು ಅವುಗಳ ಬಾಯಿಗೆ ಬೀಳುತ್ತವೆ. ಮರಿಗಳು ಅರ್ಧ ಅಂಗುಲ ದಾಟುವ ವೇಳೆಗೆ ಎರಡನೆಯ ತೊಟ್ಟಿಯೊಂದನ್ನು ಸಿದ್ಧಪಡಿಸಿಟ್ಟಿರಬೇಕು. ಜೋಡಿ ಮತ್ತೆ ಮೊಟ್ಟೆಯಿಡಲು ಹೊರಟಿತೆಂದರೆ ತನ್ನ ಮರಿಗಳನ್ನೇ ಸೀಮೆಯಿಂದಾಚೆಗೆ ಅಟ್ಟತೊಡಗುತ್ತದೆ.