ನಿಮಗಿದು ಗೊತ್ತೆ? ಕಸಿಗೆ ಮುನ್ನ ಧಮನಿಯ ಪರೀಕ್ಷೆ

ದಾನವಾಗಿ ಬಂದ ಮೂತ್ರಪಿಂಡವನ್ನು ವೈದ್ಯರು ಹಳೆಯದರ ಸ್ಥಾನದಲ್ಲಿರಿಸದೆ, ಸಾಮಾನ್ಯವಾಗಿ ಕಿಬ್ಬೊಟ್ಟೆಯ ಪಾರ್ಶ್ವದಲ್ಲಿಟ್ಟು, ಕಾಲಿನತ್ತ ರಕ್ತವನ್ನೊಯ್ಯುವ ಇಲಿಯಾಕ್ ಧಮನಿಗೆ ಹೊಲಿಯುವರು. ಆದರೆ ಬಹುಕಾಲ ಡಯಾಲಿಸಿಸ್ ಪಡೆದವರಲ್ಲಿಯೂ ಮಧುಮೇಹಿಗಳಲ್ಲಿಯೂ ಆ ಧಮನಿಯ ಭಿತ್ತಿಯಲ್ಲಿ ಸುಣ್ಣದಂಶ ಸಂಚಯವಾಗಿ, ಸೂಜಿ ನುಗ್ಗಲಾರದಷ್ಟು ಕಠಿಣವಾಗಿರುವುದುಂಟು. ಇದನ್ನು ಮುಂಚಿತವಾಗಿ ಅರಿತು, ಹೊಲಿಗೆಗೆ ಮೃದುವಾದ ಎಡೆಯನ್ನು ಆರಿಸಿಕೊಳ್ಳಲು, ರಕ್ತನಾಳಕ್ಕೆ ಯಾವ ದ್ರವವನ್ನೂ ಚುಚ್ಚದೆ ತೆಗೆಯುವ ಸಿ.ಟಿ. ಚಿತ್ರವೇ ಬಹುಮಟ್ಟಿಗೆ ಸಾಕು. ಸುಣ್ಣಗಟ್ಟಿದ ಭಾಗ ಅದರಲ್ಲಿ ಮೂಳೆಯಂತೆ ಬೆಳ್ಳಗೆ ಕಾಣುವುದು. ಆ ಬಿಳುಪನ್ನಳೆಯುವ ಮಾನಕ್ಕೆ, 1979ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಗಾಡ್‌ಫ್ರಿ ಹೌನ್ಸ್‌ಫೀಲ್ಡರ ಹೆಸರಿದೆ. ಪುಣೆಯ ಹಡಪಸರದಲ್ಲಿ ನೆಲೆಸಿ ಕಸಿಯ ನಿರೀಕ್ಷೆಯಲ್ಲಿರುವ ಕನ್ನಡ ಬಂಧುಗಳು, ಹೊಟ್ಟೆಯ ಹಳೆಯ ಸಿ.ಟಿ. ಚಿತ್ರಗಳಿದ್ದರೆ ಅವನ್ನು ಜೋಪಾನವಾಗಿಟ್ಟು, ಶಸ್ತ್ರವೈದ್ಯರಿಗೆ ತಪ್ಪದೆ ತೋರಿಸಬೇಕೆಂದು ವಿನಂತಿ.